ಬಾವಿಗೂ ಗುಂಡಿಗೂ ಎಂಟು ಹೆಜ್ಜೆ

ಸಂಪಾದಕರಿಗೆ ನಮಸ್ಕಾರ.

ನಾನು ಕಾಪು ತಾಲೂಕಿನ ಕಡಲ ಬದಿಯ ಒಂದು ಊರಿನವಳು. ನಮ್ಮ ಮನೆಯ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಹೊಳೆ. ಮಧ್ಯದ ನೆಲ ಎಷ್ಟು ಸಪೂರ ಅಂದರೆ ಹೊಳೆಯಲ್ಲಿ ಮುಖ ತೊಳೆದು ಹೊರಟರೆ ಮುಖ ಒಣಗುವ ಮೊದಲೇ ಕಡಲು ಸಿಗುತ್ತದೆ. ಅಷ್ಟು ಜಾಗದಲ್ಲೇ ನಮ್ಮ ಮನೆ, ತೆಂಗಿನ ಮರ, ರಸ್ತೆ, ಭಜನಾ ಮಂದಿರ, ಬಾವಿ, ಮತ್ತೆ ಶೌಚಾಲಯದ ಗುಂಡಿ ಎಲ್ಲ ಇರುವುದು. ಈ ಪತ್ರ ಕೊನೆಯ ಎರಡರ ಬಗ್ಗೆ.

ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಮಂದಿ ಹೆಂಗಸರಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಡುತ್ತಾರೆ. ನಮ್ಮ ಊರಿನ ಐವರಲ್ಲಿ ನಾನೂ ಒಬ್ಬಳು. ಒಂದು ಪೆಟ್ಟಿಗೆ ಕೊಟ್ಟಿದ್ದಾರೆ. ಅದರಲ್ಲಿ ಕ್ಲೋರೈಡ್, ಕಬ್ಬಿಣ, ನೈಟ್ರೇಟ್ ನೋಡುವ ದ್ರಾವಣಗಳು ಇವೆ, ಜೊತೆಗೆ ಚಿಕ್ಕ ಚಿಕ್ಕ ಬಾಟಲಿಗಳು. ಈ ಬಾಟಲಿಗೆ ಗುರುತಿನ ತನಕ ನೀರು ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಡಬೇಕು. ನೀರು ಕಪ್ಪಾದರೆ ಅದಕ್ಕೆ ಮಲದ ಕೊಳಕು ಸೇರಿರುವ ಸಂಶಯ ಉಂಟು ಅಂತ ಅರ್ಥ.

ಜುಲೈ ತಿಂಗಳು, ಮಳೆ ಹಿಡಿದು ಎಂಟು ದಿನ ಬಿಟ್ಟಿರಲಿಲ್ಲ. ನಮ್ಮ ಸಾಲಿನ ಆರು ಬಾವಿಗಳ ನೀರು ತಂದೆ. ಬಾವಿಯಿಂದ ನೀರು ಸೇದಬೇಕಾಗಿಯೇ ಇರಲಿಲ್ಲ, ಕಟ್ಟೆಗೆ ಬಗ್ಗಿ ಚೊಂಬಿನಲ್ಲಿ ಮೊಗೆದೆ. ಅಷ್ಟು ಮೇಲೆ ಬಂದಿತ್ತು ನೀರು. ಕಣ್ಣಿಗೆ ತಿಳಿಯಾಗಿ, ಬಾಯಿಗೆ ಸಿಹಿಯಾಗಿ ಇತ್ತು. ಆರೂ ಬಾಟಲಿಗಳನ್ನು ಅಡುಗೆಮನೆಯ ಒಲೆಯ ಹತ್ತಿರದ ಗೂಡಿನಲ್ಲಿಟ್ಟೆ. ಮರುದಿನ ಸಂಜೆ ದೀಪ ಹಚ್ಚಲು ಹೋದಾಗ ನೋಡಿದರೆ ನಾಲ್ಕು ಬಾಟಲಿ ಕಪ್ಪಾಗಿದ್ದವು. ತೆಳು ಕಪ್ಪು ಅಲ್ಲ, ಗಾಣದ ಎಣ್ಣೆಯ ಗಸಿಯ ಹಾಗೆ ದಟ್ಟ ಕಪ್ಪು. ಅದರಲ್ಲಿ ಒಂದು ನಮ್ಮ ಮನೆಯದ್ದು. ನನ್ನ ಮೊಮ್ಮಗಳಿಗೆ ಆಗ ಏಳು ತಿಂಗಳು. ಅವಳ ಗಂಜಿ ಬೇಯಿಸುವುದು ಅದೇ ನೀರಿನಲ್ಲಿ.

ಬಾಟಲಿ ಕಪ್ಪಾದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತಲ್ಲ. ಮಣ್ಣಿನಲ್ಲಿರುವ ಬೇರೆ ಕೆಲವು ಬ್ಯಾಕ್ಟೀರಿಯಾಗಳಿಂದಲೂ ಅದು ಕಪ್ಪಾಗುತ್ತದೆ ಅಂತ ತರಬೇತಿಯಲ್ಲೇ ಹೇಳಿದ್ದರು. ಹಾಗಾಗಿ ನಮ್ಮ ಬಾವಿಯ ನೀರನ್ನು ಲ್ಯಾಬಿಗೆ ಕಳಿಸಿದೆ. ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಇದೆ ಅಂತ ರಿಪೋರ್ಟ್ ಬಂತು. ಇ. ಕೋಲಿ ಇರುವುದು ಮನುಷ್ಯರ ಮತ್ತು ಪ್ರಾಣಿಗಳ ಕರುಳಲ್ಲಿ. ಅದು ಬಾವಿಗೆ ಬಂದಿದೆ ಅಂದರೆ ಎಲ್ಲಿಂದಲೋ ದಾರಿ ಆಗಿದೆ.

ದಾರಿ ಹುಡುಕಲು ಜಾಸ್ತಿ ದೂರ ಹೋಗಬೇಕಾಗಲಿಲ್ಲ. ಪಕ್ಕದ ಮನೆಯ ಶೌಚ ಗುಂಡಿಯಿಂದ ನಮ್ಮ ಬಾವಿಗೆ ನಡೆದು ನೋಡಿದೆ. ಎಂಟು ಹೆಜ್ಜೆ. ನಮ್ಮ ಗುಂಡಿಯಿಂದ ಅವರ ಬಾವಿಗೆ ಹತ್ತು ಹೆಜ್ಜೆ. ಅವರನ್ನು ದೂರುವುದು ಹೇಗೆ? ನಾವು ಅವರಿಗೆ ಕೊಟ್ಟದ್ದನ್ನೇ ಅವರು ನಮಗೆ ಕೊಟ್ಟಿದ್ದಾರೆ.

ನಮ್ಮ ಕಡೆ ಎಲ್ಲರೂ ಇದನ್ನು ಸೆಪ್ಟಿಕ್ ಟ್ಯಾಂಕ್ ಅಂತಲೇ ಹೇಳುವುದು. ಆದರೆ ಮುಚ್ಚಳ ತೆಗೆದು ನೋಡಿದರೆ ಹೆಚ್ಚಿನ ಕಡೆ ಅದು ಟ್ಯಾಂಕ್ ಅಲ್ಲವೇ ಅಲ್ಲ. ನಾಲ್ಕೈದು ಕಾಂಕ್ರೀಟ್ ರಿಂಗ್ ಇಳಿಸಿ, ಕೆಳಗೆ ಹಾಗೇ ಬಿಟ್ಟ ಗುಂಡಿ. ತಳಕ್ಕೆ ಸಿಮೆಂಟ್ ಇಲ್ಲ. ಕೊಳಚೆ ನೀರು ಹೊಯಿಗೆಗೆ, ಅಂದರೆ ಮರಳಿಗೆ, ಇಂಗುತ್ತದೆ. ಘಟ್ಟದ ಮೇಲಿನ ಗಟ್ಟಿ ಮಣ್ಣಿನಲ್ಲಿ, ನೀರು ಆಳದಲ್ಲಿ ಇರುವ ಊರುಗಳಲ್ಲಿ ಇಂಥ ಇಂಗುಗುಂಡಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮಣ್ಣಿನ ಪದರಗಳಲ್ಲಿ ನಿಧಾನಕ್ಕೆ ಇಳಿಯುವಾಗ ರೋಗಾಣುಗಳು ಅಲ್ಲೇ ಉಳಿದು ಸಾಯುತ್ತವೆ. ಅದಕ್ಕೇ ಗುಂಡಿಯ ತಳಕ್ಕೂ ನೆಲದೊಳಗಿನ ನೀರಿಗೂ ಮಧ್ಯೆ ಕನಿಷ್ಠ ಎರಡು ಮೀಟರ್ ಒಣ ಮಣ್ಣು ಇರಬೇಕು ಅಂತ ನಿಯಮ. ನಮ್ಮಲ್ಲಿ ಜುಲೈಯಲ್ಲಿ ಎರಡು ಅಡಿ ಅಗೆದರೆ ನೀರು. ಅಂದರೆ ಮಳೆಗಾಲ ಪೂರ್ತಿ ನಮ್ಮ ಗುಂಡಿ ನೀರಿನೊಳಗೇ ಮುಳುಗಿ ಕೂತಿರುತ್ತದೆ. ಅದರ ನೀರು, ಬಾವಿಯ ನೀರು, ಎರಡೂ ಒಂದೇ ನೀರು.

ದೂರದ ಲೆಕ್ಕವೂ ಹಾಗೆಯೇ. ಕುಡಿಯುವ ನೀರಿನಿಂದ ಇಂಗುಗುಂಡಿ 18 ಮೀಟರ್ ದೂರ ಇರಬೇಕು ಅಂತ ಭಾರತೀಯ ಮಾನಕ (ಐಎಸ್ ಕೋಡ್) ಹೇಳುತ್ತದೆ, ಅಂದರೆ ಸುಮಾರು 60 ಅಡಿ. ನಮ್ಮಲ್ಲಿ ಜಾಗ ಪಾಲಾಗಿ ಪಾಲಾಗಿ ಒಬ್ಬೊಬ್ಬರಿಗೆ ಐದು ಸೆಂಟ್ಸ್ ಉಳಿದಿದೆ. ಐದು ಸೆಂಟ್ಸ್ ಚೌಕದ ಒಂದು ಬದಿ 46-47 ಅಡಿ. ಮೂಲೆಯಿಂದ ಮೂಲೆಗೆ ಹಿಡಿದರೆ ಮಾತ್ರ 66 ಅಡಿ. ಈ ಮೂಲೆಯಲ್ಲಿ ಬಾವಿ, ಆ ಮೂಲೆಯಲ್ಲಿ ಗುಂಡಿ ಮಾಡಿದಿರಿ ಅಂತಿಟ್ಟುಕೊಳ್ಳಿ, ಗುಂಡಿ ಆಚೆ ಮನೆಯವರ ಬಾವಿ ಕಟ್ಟೆಗೆ ತಾಗುತ್ತದೆ. ಒಬ್ಬೊಬ್ಬರೇ ಎಷ್ಟು ಸರಿಯಾಗಿ ಮಾಡಿದರೂ ನಮ್ಮ ಊರಿನಲ್ಲಿ ಈ ಲೆಕ್ಕ ಕೂಡುವುದಿಲ್ಲ. ಇದು ಒಂದು ಮನೆಯ ಕೆಲಸ ಅಲ್ಲ, ಸಾಲಿಗೆ ಸಾಲೇ ಸೇರಿ ಮಾಡಬೇಕಾದ ಕೆಲಸ.

ಇನ್ನು ಕೆಲವರು ಕೇಳುತ್ತಾರೆ, ಮೊದಲೆಲ್ಲ ಹೀಗೆ ಇರಲಿಲ್ಲ ಅಲ್ವಾ ಅಂತ. ನಿಜ, ಇರಲಿಲ್ಲ. ನನ್ನ ಅತ್ತೆಯ ಕಾಲದಲ್ಲಿ ಬಚ್ಚಲ ನೀರು ಒಂದು ಸಣ್ಣ ಕಣಿಯಲ್ಲಿ ಹರಿದು ಬಾಳೆ ಬುಡಕ್ಕೆ ಹೋಗುತ್ತಿತ್ತು, ಅಲ್ಲಿಂದ ಕೆಸುವಿನ ಗಿಡಗಳಿಗೆ, ಉಳಿದದ್ದು ತೆಂಗಿಗೆ. ಪತ್ರೊಡೆಗೆ ಎಲೆ ಬೇಕಾದರೆ ಅಲ್ಲಿಗೇ ಹೋಗುತ್ತಿದ್ದದ್ದು. ಸೋಪು ಕಡಿಮೆ, ನೀರು ಕಡಿಮೆ, ಸೇದಿ ತಂದ ನೀರನ್ನು ಯಾರೂ ಸುಮ್ನೆ ಚೆಲ್ಲುತ್ತಿರಲಿಲ್ಲ. ಆದರೆ ಆ ಕಾಲ ಚಂದ ಇತ್ತು ಅಂತ ನಾನು ಹೇಳುವುದಿಲ್ಲ. ಶೌಚಾಲಯ ಇಲ್ಲದೆ ಹೆಂಗಸರು ಕತ್ತಲಾಗುವುದನ್ನು ಕಾಯುತ್ತಿದ್ದ ಕಾಲವೂ ಅದೇ. 2014ರಲ್ಲಿ ಸ್ವಚ್ಛ ಭಾರತ್ ಶುರುವಾಗಿ ಮನೆಗೆ 12,000 ರೂಪಾಯಿ ಕೊಟ್ಟು ಶೌಚಾಲಯ ಕಟ್ಟಿಸಿದ್ದು ನಮ್ಮಂಥವರಿಗೆ ದೊಡ್ಡ ಉಪಕಾರ. ಆಮೇಲೆ 2019ರಲ್ಲಿ ಜಲಜೀವನ್ ಬಂತು, ಅಂಗಳಕ್ಕೆ ನಳ್ಳಿ ಬಂತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕ. ಐದು ಜನರ ಮನೆಗೆ 275 ಲೀಟರ್. ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳಚೆ ನೀರಾಗಿ ಹೊರಗೆ ಬರುತ್ತದೆ ಅಂತ ಎಂಜಿನಿಯರುಗಳ ಲೆಕ್ಕ, ಅಂದರೆ ಒಂದು ಮನೆಯಿಂದ 220 ಲೀಟರ್. 300 ಮನೆಗಳ ಊರಾದರೆ ದಿನಕ್ಕೆ 66,000 ಲೀಟರ್. ನೀರು ಒಳಗೆ ಬರುವುದಕ್ಕೆ ಪೈಪ್ ಹಾಕಿದರು, ಮೀಟರ್ ಹಾಕಿದರು. ಹೊರಗೆ ಹೋಗುವ ನೀರಿಗೆ ಎಲ್ಲಿ ಜಾಗ ಅಂತ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ನಳ್ಳಿ ನೀರು ಇರುವಾಗ ಬಾವಿ ಯಾಕೆ ಅನ್ನುವವರೂ ಇದ್ದಾರೆ. ಕರಾವಳಿಯಲ್ಲಿ ಬಾವಿ ಇಲ್ಲದ ಮನೆ ಕಡಿಮೆ, ನಳ್ಳಿ ದಿನಾ ಬರುತ್ತದೆ ಅನ್ನುವ ಭರವಸೆಯೂ ಇಲ್ಲ. ಅದೂ ಅಲ್ಲದೆ ನಮ್ಮ ಹೊಯಿಗೆಯ ಕೆಳಗಿನ ಸಿಹಿನೀರು ಅಂದರೆ ಸಣ್ಣ ಸಂಗತಿ ಅಲ್ಲ. ಎರಡೂ ಬದಿ ಉಪ್ಪುನೀರು, ಕೆಳಗೂ ಉಪ್ಪುನೀರು, ಅದರ ಮೇಲೆ ಮಳೆಯ ಸಿಹಿನೀರು ಹಗುರವಾಗಿ ತೇಲಿಕೊಂಡಿರುತ್ತದೆ. ಕಡಲ ಮಟ್ಟದಿಂದ ಒಂದು ಅಡಿ ಮೇಲಕ್ಕೆ ಸಿಹಿನೀರು ನಿಂತರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ನಿಲ್ಲುತ್ತದಂತೆ. ನನಗೆ ಇದು ಗೊತ್ತಾದ ದಿನ ಬಾವಿಯನ್ನು ಬೇರೆ ಕಣ್ಣಿನಿಂದ ನೋಡಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬಿದ್ದು, ಕಡಲನ್ನು ಕೆಳಗೆ ಒತ್ತಿ ಹಿಡಿದು ನಿಂತ ನೀರು ಅದು. ಅದಕ್ಕೆ ನಾವು ದಿನಾ ಗುಂಡಿಯ ನೀರು ಬಿಡುತ್ತಿದ್ದೇವೆ.

ಹೊಳೆಯ ಬದಿಗೆ ಬನ್ನಿ. ನಮ್ಮ ತೋಡು ಹೊಳೆಗೆ ಸೇರುವ ಕಡೆ ಈಗ ಎರಡು ಮೂರು ಬಾಡಿಗೆ ಕಟ್ಟಡಗಳು ಎದ್ದಿವೆ, ಕೋಣೆಗಳು ಜಾಸ್ತಿ, ಜಾಗ ಕಡಿಮೆ. ಒಂದು ಕಟ್ಟಡದಿಂದ ನಾಲ್ಕಿಂಚಿನ ಪೈಪ್ ನೇರವಾಗಿ ತೋಡಿಗೆ ಇಳಿದಿದೆ. ಬೇಸಿಗೆಯಲ್ಲಿ ಅದರ ಬಾಯಿಯ ಹತ್ತಿರ ಬೂದುಬಣ್ಣದ ಲೋಳೆ ಕಟ್ಟುತ್ತದೆ. ಮಳೆಗಾಲದಲ್ಲಿ ಏನೂ ಕಾಣುವುದಿಲ್ಲ, ರಾತ್ರಿ ಜೋರು ಮಳೆಗೆ ಗುಂಡಿಗೆ ಪಂಪ್ ಇಳಿಸಿ ತೋಡಿಗೆ ಬಿಡುವವರೂ ಇದ್ದಾರೆ. ಅದೇ ತೋಡು ಸೇರುವ ಹೊಳೆಯಲ್ಲಿ ನಮ್ಮ ಹೆಂಗಸರು ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುತ್ತಾರೆ. ಮರುವಾಯಿ ನೀರನ್ನು ಸೋಸಿ ತಿಂದು ಬದುಕುವ ಚಿಪ್ಪಿನ ಜೀವ, ನೀರಿನಲ್ಲಿ ಇರುವ ಕೊಳಕನ್ನೆಲ್ಲ ಒಳಗೆ ಇಟ್ಟುಕೊಳ್ಳುತ್ತದೆ. ಕೊಳಚೆ ಸೇರಿದ ನೀರಿನ ಚಿಪ್ಪುಗಳನ್ನು ಸರಿಯಾಗಿ ಬೇಯಿಸದೆ ತಿಂದರೆ ಕಾಮಾಲೆ ಬರಬಹುದು ಅಂತ ವೈದ್ಯರು ಹೇಳುತ್ತಾರೆ. ದಯವಿಟ್ಟು ಚೆನ್ನಾಗಿ ಕುದಿಸಿ. ಬಾವಿ ನೀರನ್ನೂ ಅಷ್ಟೇ, ಮಳೆಗಾಲದಲ್ಲಿ ಕುದಿಸದೆ ಕುಡಿಯಬೇಡಿ, ಎಷ್ಟೇ ತಿಳಿಯಾಗಿ ಕಂಡರೂ.

ಪಂಚಾಯತ್‌ಗೆ ಹೋಗಿ ಹೇಳಿದಾಗಲೆಲ್ಲ ಬರುವ ಉತ್ತರ ಒಂದೇ, ಒಳಚರಂಡಿ ಬರುತ್ತದೆ, ಸ್ವಲ್ಪ ಕಾಯಿರಿ. ಪ್ರತಿ ಚುನಾವಣೆಗೂ ಇದನ್ನು ಕೇಳಿದ್ದೇವೆ. ನಾನು ಈ ಪತ್ರ ಬರೆಯಲು ಮುಖ್ಯ ಕಾರಣವೇ ಇದು. ನಗರದಲ್ಲಿ ಇರುವಂಥ ದೊಡ್ಡ ಒಳಚರಂಡಿ ನಮ್ಮ ಊರಿಗೆ ಬೇಡ. ಬಂದರೂ ಅದು ಇಲ್ಲಿ ನಡೆಯುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಒಳಚರಂಡಿಯ ಪೈಪಿನಲ್ಲಿ ನೀರು ತಾನಾಗಿ ಹರಿಯಬೇಕಾದರೆ ಇಳಿಜಾರು ಬೇಕು. ನಮ್ಮ ನೆಲ ಅಂಗೈಯ ಹಾಗೆ ಸಪಾಟು. ಇಳಿಜಾರು ಮಾಡಬೇಕಾದರೆ ಪೈಪನ್ನು ಆಳಕ್ಕೆ ಆಳಕ್ಕೆ ಇಳಿಸುತ್ತಾ ಹೋಗಬೇಕು. ಎರಡು ಅಡಿಗೆ ನೀರು ಸಿಗುವ ಹೊಯಿಗೆಯಲ್ಲಿ ಹತ್ತು ಅಡಿ ಅಗೆದರೆ ಬದಿಗಳು ಕುಸಿಯುತ್ತವೆ, ಹೇಗೋ ಹಾಕಿದರೂ ಜಾಯಿಂಟುಗಳಿಂದ ನೆಲದ ನೀರು ಒಳಗೆ ನುಗ್ಗುತ್ತದೆ. ಮಳೆಗಾಲದಲ್ಲಿ ಕೊಳಚೆಗಿಂತ ಮಳೆ ನೀರೇ ಜಾಸ್ತಿ ಹರಿಯುತ್ತದೆ. ಮತ್ತೆ ಅಲ್ಲಲ್ಲಿ ಕೊಳಚೆ ತುಂಬಿಕೊಳ್ಳುವ ಬಾವಿ (ವೆಟ್‌ವೆಲ್) ಕಟ್ಟಿ ಪಂಪಿನಿಂದ ಮೇಲಕ್ಕೆ ಎತ್ತಬೇಕು. ಗಾಳಿ ಮಳೆಗೆ ತೆಂಗಿನ ಮಡಲು ತಂತಿ ಮೇಲೆ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರಿನಲ್ಲಿ ಪಂಪ್ ನಿಂತರೆ ಆ ಕೊಳಚೆ ಎಲ್ಲಿಗೆ ಹೋಗಬೇಕು? ದೊಡ್ಡ ಸ್ಥಾವರಗಳಲ್ಲಿ ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಯಂತ್ರದಿಂದ ಗಾಳಿ ಊದಬೇಕು, ಕರೆಂಟ್ ತುಂಬಾ ಹೊತ್ತು ಹೋದರೆ ಅವೂ ಉಸಿರುಕಟ್ಟಿ ಸಾಯುತ್ತವೆ. ಮಂಗಳೂರಿನಲ್ಲಿ ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕಿ ರಸ್ತೆಗೆ ಬರುವುದನ್ನು ನಾವೆಲ್ಲ ನೋಡಿದವರೇ. ಅಷ್ಟು ದೊಡ್ಡ ಊರಿಗೆ ಬೇರೆ ದಾರಿ ಇಲ್ಲ, ಒಳಚರಂಡಿ ಬೇಕೇ ಬೇಕು. ಅಲ್ಲಿ ಒಳ್ಳೆಯ ಕೆಲಸವೂ ಆಗಿದೆ, ಕಾವೂರಿನ ಸ್ಥಾವರದಲ್ಲಿ ಶುದ್ಧ ಮಾಡಿದ ನೀರು ಮಂಗಳೂರು ವಿಶೇಷ ಆರ್ಥಿಕ ವಲಯದ (ಎಂಎಸ್‌ಇಝಡ್) ಕೈಗಾರಿಕೆಗಳಿಗೆ ಹೋಗುತ್ತದೆ, ಅಷ್ಟು ಹೊಳೆ ನೀರು ಉಳಿಯುತ್ತದೆ. ಆದರೆ 300 ಮನೆಗಳ ನಮ್ಮ ಊರಿಗೆ ಅದೇ ಅಂಗಿ ಹೊಲಿದರೆ ಆಗುವುದಿಲ್ಲ.

ನಮಗೆ ಬೇಕಾದದ್ದು ಸಣ್ಣದು. ಮೊದಲನೆಯದಾಗಿ ರಿಂಗ್ ಗುಂಡಿಗಳ ಬದಲು ತಳ, ಗೋಡೆ ಎರಡೂ ಸೋರದ ನಿಜವಾದ ಸೆಪ್ಟಿಕ್ ಟ್ಯಾಂಕ್. ಮಧ್ಯೆ ಗೋಡೆ ಇರುವ ಎರಡು ಕೋಣೆಯ ಟ್ಯಾಂಕ್. ಗಟ್ಟಿ ಅಂಶ ಕೆಳಗೆ ಕೂತು ಕೊಳೆಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಮಧ್ಯದ ನೀರು ಮಾತ್ರ ಹೊರಗೆ ಹೋಗುತ್ತದೆ. ಆ ನೀರು ಶುದ್ಧ ಅಲ್ಲ, ರೋಗಾಣು ಬೇಕಾದಷ್ಟು ಇರುತ್ತವೆ. ಹತ್ತು ಹದಿನೈದು ಮನೆಗಳ ಈ ನೀರನ್ನು ಸಪೂರ ಪೈಪಿನಲ್ಲಿ ಒಂದು ಕಡೆ ತರಬಹುದು. ಗಟ್ಟಿ ಅಂಶ ಇಲ್ಲದ ಕಾರಣ ದೊಡ್ಡ ಪೈಪ್ ಬೇಡ, ಆಳವೂ ಬೇಡ. ಅಲ್ಲಿ ತಳ ಕಟ್ಟಿದ, ಜಲ್ಲಿ ತುಂಬಿಸಿದ ಒಂದು ತೊಟ್ಟಿ, ಮಳೆ ನೀರು ನುಗ್ಗದ ಹಾಗೆ ನೆಲದಿಂದ ಎತ್ತರಿಸಿ. ಜಲ್ಲಿಯಲ್ಲಿ ಕಾಬಾಳೆ, ಜೊಂಡು ನೆಡುತ್ತಾರೆ. ಬೇರುಗಳ ಸುತ್ತ, ಜಲ್ಲಿಯ ಮೈಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಮುಗಿಸುತ್ತವೆ. ತೊಟ್ಟಿಗೆ ಎತ್ತಲು ಒಂದು ಸಣ್ಣ ಪಂಪ್ ಬೇಕಾಗಬಹುದು, ಅದು ಬಿಟ್ಟರೆ ಕರೆಂಟ್ ಬೇಡ, ನಾಲ್ಕು ಗಂಟೆ ಪಂಪ್ ನಿಂತರೂ ಟ್ಯಾಂಕಿನಲ್ಲಿ ಜಾಗ ಇರುತ್ತದೆ. ನನ್ನ ಅತ್ತೆಯ ಬಾಳೆ ಬುಡ, ಕೆಸುವಿನ ಸಾಲು ಮಾಡುತ್ತಿದ್ದ ಕೆಲಸವನ್ನೇ ಇದು ಅಳತೆ ಹಿಡಿದು ಮಾಡುತ್ತದೆ. ಹಾಗೆ ಬಂದ ನೀರನ್ನು ತೆಂಗಿನ ತೋಟಕ್ಕೆ ಬಿಡಬೇಕು, ಕಡಲಿಗೆ ಅಲ್ಲ. ಯಾಕೆಂದರೆ ಸಂಸ್ಕರಣಾ ಘಟಕದಿಂದ ಹೊರಬರುವ ನೀರಿನಲ್ಲಿ 100 ಮಿಲಿಲೀಟರಿಗೆ ಮಲದ ಕೋಲಿಫಾರ್ಮ್ ಅನ್ನುವ ಬ್ಯಾಕ್ಟೀರಿಯಾ 1,000ದ ತನಕ ಇರಬಹುದು ಅಂತ 2017ರ ಕೇಂದ್ರದ ನಿಯಮ, ಆದರೆ ಜನ ಸ್ನಾನ ಮಾಡುವ ಕಡಲ ನೀರಿಗೆ ಮಿತಿ 100. ಸರಿಯಾಗಿ ನಡೆಯುವ ಘಟಕದ ನೀರೂ ಮಕ್ಕಳು ಆಡುವ ಕಡೆ ಬರಬಾರದು.

ಎರಡನೆಯದ್ದು ಟ್ಯಾಂಕಿನ ತಳದಲ್ಲಿ ಕೂರುವ ಹೂಳು. ಟ್ಯಾಂಕ್ ಎಷ್ಟು ಒಳ್ಳೆಯದಿದ್ದರೂ ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ನಮ್ಮಲ್ಲಿ ಉಕ್ಕಿ ಬಂದ ಮೇಲೆಯೇ ಗಾಡಿ ಕರೆಯುವುದು. ಗಾಡಿಯವರು ಎಲ್ಲಿಗೆ ಕೊಂಡುಹೋಗುತ್ತಾರೆ ಅಂತ ನಾವು ಕೇಳುವುದೂ ಇಲ್ಲ. ದೇವನಹಳ್ಳಿಯಲ್ಲಿ 2015ರಿಂದಲೇ ಈ ಹೂಳನ್ನು ಸಂಸ್ಕರಿಸುವ ಘಟಕ ಇದೆ, ನಮ್ಮ ಪಕ್ಕದ ಜಿಲ್ಲೆಯ ಉಜಿರೆಯಲ್ಲೂ ಆಗಿದೆ. ಕಡಲ ಬದಿಯ ನಾಲ್ಕೈದು ಪಂಚಾಯತ್‌ಗಳು ಸೇರಿ, ಹೊಯಿಗೆಯಿಂದ ದೂರ, ಒಳಗಿನ ಮುರಕಲ್ಲಿನ ಎತ್ತರದ ಜಾಗದಲ್ಲಿ ಒಂದು ಮಾಡಿಕೊಳ್ಳಬಹುದು. ಅದಕ್ಕೆ ಹಣ ಇಲ್ಲ ಅಂತ ಹೇಳಬೇಡಿ. 15ನೇ ಹಣಕಾಸು ಆಯೋಗ 2021ರಿಂದ 2026ರ ತನಕ ಪಂಚಾಯತ್‌ಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 30 ಭಾಗ ನೈರ್ಮಲ್ಯಕ್ಕೇ, ಇನ್ನೊಂದು 30 ಭಾಗ ಕುಡಿಯುವ ನೀರಿಗೇ ಅಂತ ಕಟ್ಟಿಟ್ಟಿತ್ತು. ನಮ್ಮ ಕಡೆ ಆ ಹಣ ಹೆಚ್ಚಾಗಿ ಚರಂಡಿಗೆ ಕಾಂಕ್ರೀಟ್ ಹಾಕುವುದರಲ್ಲೇ ಹೋಯಿತು. ಚರಂಡಿ ಚಂದ ಆಯಿತು, ಅದರಲ್ಲಿ ಹರಿಯುವ ನೀರು ಅದೇ ಉಳಿಯಿತು.

ಇದು ಕಷ್ಟ ಅಂತ ನನಗೂ ಗೊತ್ತು. ಗಿಡದ ತೊಟ್ಟಿಯ ವಿಷಯ ಹೇಳಿದಾಗ ಪಕ್ಕದ ಮನೆಯ ಅಕ್ಕ, "ಒಳ್ಳೆಯದೇ ಮಾರಾಯ್ತಿ, ಆದರೆ ನಮ್ಮ ಗೇಟಿನ ಹತ್ತಿರ ಬೇಡ, ಸೊಳ್ಳೆ ಬರ್ತದೆ" ಅಂದರು. ಅವರ ಹೆದರಿಕೆ ಸುಳ್ಳಲ್ಲ. ನೀರು ಜಲ್ಲಿಯ ಮೇಲೆ ನಿಲ್ಲದೆ ಒಳಗೇ ಹರಿದರೆ ಸೊಳ್ಳೆ ಆಗುವುದಿಲ್ಲ, ಆದರೆ ನೋಡಿಕೊಳ್ಳುವವರಿಲ್ಲದೆ ಜಲ್ಲಿ ಕಟ್ಟಿಕೊಂಡರೆ ವಾಸನೆಯೂ ಬರುತ್ತದೆ, ಸೊಳ್ಳೆಯೂ ಬರುತ್ತದೆ. ಘಟಕ ಕಟ್ಟಿ ಉದ್ಘಾಟನೆ ಮಾಡಿ ಹೋದರೆ ಸಾಲದು, ಒಬ್ಬರಿಗೆ ತಿಂಗಳ ಸಂಬಳ ಕೊಟ್ಟು ನೋಡಿಕೊಳ್ಳುವ ಹಾಗೆ ಆಗಬೇಕು. ಇದು ನಮ್ಮ ಜಿಲ್ಲೆಗೆ ಹೊಸದಲ್ಲ. ಕುಂದಾಪುರ ಕಡೆಯ ವಂಡ್ಸೆ ಪಂಚಾಯತ್ ಮನೆಮನೆಯ ಕಸ ಎತ್ತಿ, ಬೇರೆ ಮಾಡಿ, ಮಾರಿ ತೋರಿಸಿತು. ಅಲ್ಲಿ ಕೆಲಸ ನಿಂತದ್ದು ದಿನಾ ಕೈಯಿಟ್ಟು ದುಡಿದ ಹೆಂಗಸರ ಮೇಲೆ. ಕಸಕ್ಕೆ ಆದದ್ದು ಕೊಳಚೆ ನೀರಿಗೆ ಯಾಕೆ ಆಗಬಾರದು?

ನಮ್ಮದೇ ತಾಲೂಕಿನ ಪಡುಬಿದ್ರಿಯ ಬೀಚಿಗೆ 2020ರಲ್ಲಿ, ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ನಮಗೆಲ್ಲ ತುಂಬಾ ಖುಷಿ ಆಗಿತ್ತು. ಆ ಮಾನ್ಯತೆ ಉಳಿಯಬೇಕಾದರೆ ಅಲ್ಲಿಯ ಕಡಲ ನೀರನ್ನು ಆಗಾಗ ಪರೀಕ್ಷೆ ಮಾಡಿ ಎಲ್ಲರಿಗೂ ಕಾಣುವ ಹಾಗೆ ಬೋರ್ಡಿನಲ್ಲಿ ಹಾಕಬೇಕು. ಬೀಚಿಗೆ ಬಂದು ಹೋಗುವವರಿಗೆ ಮಾಡುವುದನ್ನು ಇಲ್ಲೇ ಇರುವವರ ಬಾವಿಗೂ ಮಾಡಿ ಅಂತ ಕೇಳುತ್ತಿದ್ದೇನೆ. ಜುಲೈಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಪ್ರತಿ ವಾರ್ಡಿನ ಬಾವಿ ನೀರು ನೋಡಿ, ಫಲಿತಾಂಶವನ್ನು ಪಂಚಾಯತ್ ಗೋಡೆಗೆ ಹಚ್ಚಿ. ಪೆಟ್ಟಿಗೆ ನಮ್ಮ ಹತ್ತಿರ ಉಂಟು, ಮಾಡುವ ನಾವು ಐವರು ಇದ್ದೇವೆ, ಬಾಟಲಿ ಮಾತ್ರ ಮುಗಿದಿದೆ, ಅದನ್ನು ತರಿಸಿಕೊಡಿ.

ತೋಡಿಗೆ ಇಳಿಸಿದ ಪೈಪಿನ ವಿಷಯಕ್ಕೆ ಹೊಸ ಕಾನೂನು ಬೇಡ. ಊರಿನ ಕೊಳಚೆಯನ್ನು ಶುದ್ಧ ಮಾಡದೆ ಬಿಡುವುದನ್ನು 2019ರ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅಧಿಸೂಚನೆಯೇ ನಿಷೇಧ ಮಾಡಿದೆ. ಒಬ್ಬ ಅಧಿಕಾರಿ ಇಳಿತದ ಹೊತ್ತಿಗೆ ಬಂದು ತೋಡಿನ ಬದಿ ನಡೆದರೆ ಸಾಕು, ಪೈಪ್ ಕಾಣುತ್ತದೆ.

ನಾವು ಕಾಯುತ್ತಾ ಕೂರುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ. ಪಕ್ಕದ ಮನೆಯ ಅಕ್ಕ ಮತ್ತು ನಾವು ಸೇರಿ ಖರ್ಚು ಹಂಚಿಕೊಂಡು, ಎರಡೂ ಮನೆಗೆ ಒಂದೇ ಟ್ಯಾಂಕ್ ರಸ್ತೆ ಬದಿಗೆ ಕಟ್ಟಿಸುತ್ತೇವೆ, ಎರಡೂ ಬಾವಿಗಳಿಂದ ಆದಷ್ಟು ದೂರದಲ್ಲಿ. ಮೇಸ್ತ್ರಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ನೀರು ಕೆಳಗೆ ಇಳಿದ ಮೇಲೆ, ಜನವರಿಯಲ್ಲಿ ಕೆಲಸ. ಅದಕ್ಕೆ ಮೊದಲು ಹಳೆಯ ರಿಂಗ್ ಗುಂಡಿಗಳನ್ನು ಖಾಲಿ ಮಾಡಬೇಕು. ಸಕ್ಕಿಂಗ್ ಗಾಡಿಯ ಹುಡುಗನಿಗೆ ಫೋನ್ ಮಾಡಿ, ಕೊಂಡುಹೋಗಿ ಎಲ್ಲಿ ಹಾಕ್ತೀಯಾ ತಮ್ಮ ಅಂತ ಈ ಸಲ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀವೇ ಒಂದು ಜಾಗ ತೋರಿಸಿ ಅಕ್ಕ, ನಾನು ಅಲ್ಲೇ ಹಾಕ್ತೇನೆ" ಅಂದ.

ತೋರಿಸಲು ನನ್ನ ಹತ್ತಿರ ಜಾಗ ಇಲ್ಲ. ಜನವರಿಯೊಳಗೆ ಜಿಲ್ಲಾ ಪಂಚಾಯತ್‌ನವರು ತೋರಿಸುತ್ತಾರಾ ಅಂತ ಈ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

ಇಂತಿ,
ಕಡಲ ಬದಿಯ ಒಬ್ಬ ಓದುಗಿ
ಕಾಪು ತಾಲೂಕು, ಉಡುಪಿ ಜಿಲ್ಲೆ